ಗಾಳದವರ ಲೆಕ್ಕದ ಪುಸ್ತಕ

*"ಕಳೆದ ಸಂಚಿಕೆಯಲ್ಲಿ ಕಾವೇರಿಯ ಗಾಳದವರನ್ನು ಹೊಗಳಿ ಬರೆದಿದ್ದೀರಿ. ಬೇಟೆ ಆಡಿದವರೇ ಸಂಘ ಕಟ್ಟಿಕೊಂಡು ವನ್ಯಜೀವಿ ಕಾಪಾಡುತ್ತೇವೆ ಅಂದರೆ ಹೇಗೆ ನಂಬುವುದು? ಮೀನಿನ ಬಾಯಿಗೆ ಕೊಕ್ಕೆ ಚುಚ್ಚಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡುವುದು ಯಾವ ಸೀಮೆಯ ದಯೆ? ಆ ಲೇಖನ ವಾಪಸ್ ತೆಗೆದುಕೊಳ್ಳಿ."* – ಓದುಗರು, ಕೊಳ್ಳೇಗಾಲ

ನಮಸ್ಕಾರ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಶೃಂಗೇರಿ, ರಾಮನಾಥಪುರ, ಶಿಶಿಲದಲ್ಲಿ ಹೊಳೆಯ ಮೀನಿಗೆ ಪುರಿ ಹಾಕಿ ಕೈಮುಗಿಯುವವರು ನಾವು. ಅದೇ ಮಹಶೀರ್ ಕುಲದ ಮೀನಿನ ಬಾಯಲ್ಲಿ ಕೊಕ್ಕೆ ಕಂಡರೆ ಹೊಟ್ಟೆ ಚುರುಕ್ ಅನ್ನುತ್ತದೆ. ನೋವಿನ ವಿಷಯದಲ್ಲಿ ನಿಮ್ಮ ಜೊತೆ ವಾದಕ್ಕೆ ಇಳಿಯುವುದಿಲ್ಲ. ಮೀನಿಗೆ ಅದು ಆಟ ಅಲ್ಲ, ನಿಜ.

ಆದರೆ ನಂಬುವುದು ಹೇಗೆ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ಇದೆ. ದಯೆ ನೋಡಿ ನಂಬಬೇಡಿ, ಸ್ವಾರ್ಥ ನೋಡಿ ನಂಬಿ. ಗಾಳ ಹಾಕುವವನಿಗೆ ನಾಳೆಯೂ ಹೊಳೆಯಲ್ಲಿ ಮೀನು ಬೇಕು. ನೀರಿನಲ್ಲಿ ಡೈನಮೈಟ್ ಸಿಡಿಸಿ ಮೀನು ಹಿಡಿಯುವವನಿಗೆ ಇವತ್ತಿನದು ಸಿಕ್ಕರೆ ಸಾಕು.

ಈ ಸ್ವಾರ್ಥ ಹಳೆಯದು. ಊಟಿಯಲ್ಲಿ 1877ರಲ್ಲೇ ನೀಲಗಿರಿ ಗೇಮ್ ಅಸೋಸಿಯೇಷನ್ ಹುಟ್ಟಿತು. ಬಂದೂಕು ಹಿಡಿದವರೇ ಬೇಟೆಗೆ ಕಾಲ ಗೊತ್ತು ಮಾಡಿದರು, ಲೈಸೆನ್ಸ್ ತಂದರು, ವರಯಾಡು ಎಂಬ ಬೆಟ್ಟದ ಕಾಡುಮೇಕೆಯಲ್ಲಿ ಹೆಣ್ಣನ್ನು ಹೊಡೆಯಬಾರದು ಎಂದರು. ಸಾಚಾಗಳೇನಲ್ಲ. ಸೀಳುನಾಯಿ ಕೊಂದವರಿಗೆ ಇನಾಮು ಸಿಗುತ್ತಿದ್ದ ಕಾಲ ಅದು. ಆದರೂ ವರಯಾಡು ಇವತ್ತು ನೀಲಗಿರಿಯ ಬಂಡೆಗಳ ಮೇಲೆ ಉಳಿದಿರುವುದರಲ್ಲಿ ಅವರದ್ದೂ ಒಂದು ಪಾಲಿದೆ.

ನಮ್ಮ ಕಡೆ ಬಂದರೆ, 1972ರಲ್ಲಿ ವನ್ಯಜೀವಿ ಕಾನೂನು ಬಂತು. ಅದೇ ವರ್ಷ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಶುರುವಾಯಿತು. ಇಂಗ್ಲಿಷ್ ಮೊದಲಕ್ಷರ ಸೇರಿಸಿ ಅದನ್ನು ‘ವಾಸಿ’ ಅನ್ನುತ್ತಾರೆ. ಕನ್ನಡದಲ್ಲಿ ಓದಿದರೆ ಎಷ್ಟು ಚೆಂದ ಅಲ್ವಾ? ಸಂಘ ಕಾವೇರಿಯ ಒಂದಷ್ಟು ದೂರವನ್ನು ಗುತ್ತಿಗೆಗೆ ಪಡೆಯಿತು, ಕಾವಲಿಗೆ ಜನ ಇಟ್ಟಿತು. ಕದ್ದು ಮೀನು ಹಿಡಿಯುತ್ತಿದ್ದವರಲ್ಲೇ ಕೆಲವರು ಕಾವಲುಗಾರರಾದರು. ಕಾವೇರಿ ದಡದ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯಲ್ಲಿ ಸರ್ಕಾರಿ ಪ್ರವಾಸಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಗಾಳದ ಶಿಬಿರಗಳು ನಡೆದವು. ದೂರದೇಶದವರು ಬಂದು ಕೊಕ್ಕೆಗೆ ರಾಗಿ ಉಂಡೆ ಸಿಕ್ಕಿಸಿ ಕೂರುತ್ತಿದ್ದರು. ಮುದ್ದೆಯ ರುಚಿ ನಮ್ಮ ಮೀನಿಗೂ ಗೊತ್ತು!

ಈಗ ಮುಖ್ಯ ಮಾತು. ಗಾಳಿಬೋರೆಯಲ್ಲಿ ಹಿಡಿದ ಮೀನನ್ನೆಲ್ಲ ಬರೆದಿಡುವ ರೂಢಿ ಇತ್ತು. ಯಾವ ಜಾತಿ, ಎಷ್ಟು ತೂಕ, ಎಷ್ಟು ಹೊತ್ತು ಗಾಳ ಹಾಕಿದ್ದು, ಎಲ್ಲ. 1998ರಿಂದ 2012ರವರೆಗಿನ ಆ ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮೀನಿನ ಲೆಕ್ಕ ಇದೆ. ಆಮೇಲೆ ವಿಜ್ಞಾನಿಗಳು ಕೂತು ಅದನ್ನು ಓದಿದರು. ಮೊದಲ ನೋಟಕ್ಕೆ ಖುಷಿಯ ಸುದ್ದಿ, ಮಹಶೀರ್ ಜಾಸ್ತಿಯಾಗುತ್ತಿದೆ. ಜಾತಿವಾರು ನೋಡಿದರೆ ಎದೆ ಒಡೆಯುವ ಸುದ್ದಿ. ಜಾಸ್ತಿಯಾಗುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯದ್ದಲ್ಲ. ಲೋನಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆದು, ಇಲ್ಲಿಗೆ ತಂದು ಬಿಟ್ಟದ್ದು. ಕಾವೇರಿಯದ್ದೇ ಆದ ಡುಬ್ಬದ ಮಹಶೀರ್, ಕಿತ್ತಳೆ ರೆಕ್ಕೆಯದ್ದು, ವರ್ಷದಿಂದ ವರ್ಷಕ್ಕೆ ಗಾಳಕ್ಕೆ ಬೀಳುವುದೇ ಕಡಿಮೆಯಾಗಿತ್ತು. ಬಿದ್ದವೂ ದೊಡ್ಡವೇ. ಮನೆಯಲ್ಲಿ ಬರೀ ಅಜ್ಜ ಅಜ್ಜಿ, ಮಕ್ಕಳಿಲ್ಲ ಅಂದಹಾಗೆ.

1946ರಲ್ಲಿ, ಸತ್ತ ಪ್ರಾಣಿಗಳ ಚರ್ಮಕ್ಕೆ ರೂಪ ಕೊಟ್ಟು ಕಾಪಿಡುವುದಕ್ಕೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಇದೇ ಡುಬ್ಬದ ಮೀನನ್ನು ಹಿಡಿದರು. 120 ಪೌಂಡ್, ಅಂದರೆ ಸುಮಾರು 54 ಕಿಲೊ. ಅಷ್ಟು ಹೆಸರಾದ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ಯಾವುದು ಅಂತ ತೀರ್ಮಾನ ಆಗಿದ್ದು 2018ರಲ್ಲಿ: ಟಾರ್ ರೆಮದೇವಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಗೆ ಹಾಕಿದರು. ಹೆಸರೂ ಅಪಾಯದ ಗಂಟೆಯೂ ಒಟ್ಟಿಗೇ ಬಂದವು.

ನೀಲಿ ರೆಕ್ಕೆಯ ಮರಿ ಬಿಟ್ಟಾಗ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಹೊಳೆ ತುಂಬಲಿ ಅಂತಲೇ ಬಿಟ್ಟದ್ದು. ಗಾಳದವರಿಗೂ ಅದು ಪುಣ್ಯದ ಕೆಲಸ ಅನಿಸಿತ್ತು. ಆ ಪುಣ್ಯ ಎಡವಟ್ಟಾಗಿತ್ತು ಎಂದು ತೋರಿಸಿಕೊಟ್ಟದ್ದು ಅವರದೇ ಪುಸ್ತಕ. ಅವರು ಬರೆದಿಡದೇ ಇದ್ದಿದ್ದರೆ ಡುಬ್ಬದ ಮೀನು ಸುಮ್ನೆ ಮಾಯವಾಗುತ್ತಿತ್ತು. ಮಹಶೀರ್ ಚೆನ್ನಾಗಿದೆ ಅಂತಲೇ ನಾವು ಬರೆಯುತ್ತಿದ್ದೆವು.

ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದಾದ ಮೇಲೆ, 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ನಿಂತಿತು. ಕಾನೂನಿನ ಮಾತು ಸರಿ ಇರಬಹುದು. ಆದರೆ ಗಾಳದ ಜೊತೆ ಆ ಲೆಕ್ಕವೂ ನಿಂತಿತು. ನನಗೆ ಬೇಸರ ಇರುವುದು ಅಲ್ಲಿ.

ಹಾಗಾಗಿ ಲೇಖನ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ನಿಮ್ಮ ಪತ್ರದ ನೆಪದಲ್ಲಿ ಅದನ್ನು ಮತ್ತೆ ತೆಗೆದು ನೋಡಿದೆ. ಮೊದಲ ಪುಟದ ಫೋಟೊ ಕೆಳಗೆ ‘ಕಾವೇರಿಯ ಹೆಮ್ಮೆಯ ಮಹಶೀರ್’ ಎಂದು ಹಾಕಿದ್ದೇವೆ. ಅದರ ಬೆನ್ನಲ್ಲಿ ಡುಬ್ಬ ಇಲ್ಲ, ರೆಕ್ಕೆ ನೀಲಿ. ತಪ್ಪು ನಮ್ಮದು. ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ.

– ಸಂಪಾದಕ