ಪ್ರತಿಕ್ರಿಯೆ: ಕಿಟಕಿ ಗಾಜು ಕುಕ್ಕುವ ಸೂರಕ್ಕಿ

ಬೆಳಗಾದರೆ ಸಾಕು, ಕಪ್ಪು-ನೀಲಿ ಮಿಂಚುವ ಸೂರಕ್ಕಿಯೊಂದು (ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ, ಸನ್‌ಬರ್ಡ್) ಕಿಟಕಿ ಗಾಜು ಕುಕ್ಕುತ್ತಲೇ ಇರುತ್ತದೆ, ಹಸಿವೇ ಅಂತ ಕೇಳಿದ್ದೀರಿ. ಹಸಿವಲ್ಲ. ಗಾಜಿನಲ್ಲಿ ಕಾಣುವ ತನ್ನದೇ ಬಿಂಬವನ್ನು ಇನ್ನೊಂದು ಗಂಡು ಅಂದುಕೊಂಡು ಓಡಿಸಲು ನೋಡುತ್ತಿದೆ. ಗೂಡು ಕಟ್ಟುವ ಕಾಲದಲ್ಲಿ ಇದು ಜೋರು, ಆಮೇಲೆ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಆದರೂ ಅಲ್ಲಿಯವರೆಗೆ ಹಾಗೇ ಬಿಡಬೇಡಿ. ಪಾಪ, ಮರಿಗಳಿಗೆ ಉಣಿಸಬೇಕಾದ ಹೊತ್ತು, ಶಕ್ತಿ ಎಲ್ಲ ಇದರಲ್ಲೇ ಹೋಗುತ್ತದೆ.

ಒಳಗಿನಿಂದ ಪರದೆ ಎಳೆದರೆ ಪ್ರಯೋಜನವಿಲ್ಲ, ಗಾಢ ಬಣ್ಣದ ಪರದೆಯಾದರೆ ಬಿಂಬ ಇನ್ನೂ ಚೆನ್ನಾಗಿ ಕಾಣುತ್ತದೆ. ಗಾಜಿನ ಹೊರಮೈಗೇ ಹಳೆ ಪೇಪರ್ ಅಂಟಿಸಿ, ಇಲ್ಲವೇ ಸೋಪು ಸವರಿ ಮಬ್ಬು ಮಾಡಿ. ಬೈಕಿನ ಕನ್ನಡಿಗೂ ಹೋಗುತ್ತಿದ್ದರೆ ಬಟ್ಟೆ ಚೀಲ ಕಟ್ಟಿ.

ಇನ್ನೊಂದು ಮಾತು, ಗೂಡು ಹತ್ತಿರದಲ್ಲೇ ಇರಬಹುದು, ಹುಡುಕಿ ನೋಡಿ. ಒಣ ಎಲೆ, ತೊಗಟೆ ಚೂರುಗಳನ್ನು ಜೇಡರ ನೂಲಿನಿಂದ ಹೆಣೆದ ಪುಟ್ಟ ಚೀಲ ಅದು. ಕೊಂಬೆಯ ತುದಿಗೆ ಸಿಕ್ಕಿಕೊಂಡ ಕಸದಂತೆ ಜೋತುಬಿದ್ದಿರುತ್ತದೆ. ಪಕ್ಕದಲ್ಲಿ ಬಾಗಿಲು, ಅದರ ಮೇಲೊಂದು ಚಿಕ್ಕ ಚಾಚು, ಎಷ್ಟು ಅಚ್ಚುಕಟ್ಟು ಅಂತೀರಿ! ಕಟ್ಟುವುದು ಮಾಸಲು ಬಣ್ಣದ ಹೆಣ್ಣು ಸೂರಕ್ಕಿ. ಅದು ಕೊಕ್ಕಿನಲ್ಲಿ ನೂಲು ಕಚ್ಚಿಕೊಂಡು ಹೋಗುವ ದಿಕ್ಕನ್ನು ದೂರದಿಂದಲೇ ಗಮನಿಸಿ. ಗೂಡು ಸಿಕ್ಕಿದರೆ ಮರಿಗಳು ಹಾರುವವರೆಗೆ ಆ ಗಿಡ ಕತ್ತರಿಸಬೇಡಿ, ಫೋಟೋಗೆಂದು ಹತ್ತಿರವೂ ಹೋಗಬೇಡಿ.