ಪ್ಲಾಸ್ಟರಿಂಗ್ ಆಗೋ ಮೊದಲೇ ಆ ಎಲ್ಬೋ ತೆಗೆಸಿ ಅಣ್ಣಾ

ಅಣ್ಣಾ, ಮನೆಗೆ ಇಂಟರ್ನೆಟ್ ಫೈಬರ್ ಎಳೆಸಿರೋ ನಿಮ್ಮ ಫೋಟೋ ನೋಡಿದೆ. ಬೆಳಕಿನಲ್ಲಿ ಸಿಗ್ನಲ್ ತರೋ ಆ ಗಾಜಿನ ಎಳೆಯನ್ನು ಕರೆಂಟ್ ವೈರಿನ ಪೈಪಿನಲ್ಲೇ ತಂದು ಟಿವಿ ಗೋಡೆಯ ಮೂಲೇಲಿ ಎಲ್ಬೋ, ಅಂದರೆ ಎಲ್ ಆಕಾರದ ಪೈಪ್ ತುಂಡು, ಹಾಕಿ ಗಕ್ಕನೆ ತಿರುಗಿಸಿದ್ದಾರೆ. "ಮಿಕ್ಕಿದ್ದು ಕೇಬಲ್‌ನವರು ನೋಡ್ಕೊಳ್ತಾರೆ" ಅಂತ ಬೇರೆ ಬರೆದಿದ್ದೀರಿ. ನೋಡ್ಕೊಳ್ಳಲ್ಲ ಅಣ್ಣಾ. ನಮ್ಮನೇಲೂ ಹೀಗೇ ಮಾಡಿಸಿ, ಗಳಿಗೆಗೊಮ್ಮೆ ಎಲ್‌ಓಎಸ್ ಕೆಂಪು ದೀಪ, ಅಂದರೆ ಸಿಗ್ನಲ್ ಬರ್ತಿಲ್ಲ ಅನ್ನೋ ಸೂಚನೆ, ಬರ್ತಿತ್ತು. ಬಂದವರೆಲ್ಲ ರೂಟರ್ ಬದಲಿಸಿ ಹೋದರು. ಕೊನೆಗೊಬ್ಬ ಹುಡುಗ ಫೈಬರಿನ ಬೆಳಕು ಅಳೆಯೋ ಪವರ್ ಮೀಟರ್ ತಂದ. ಹೊರಗಿನ ಡಬ್ಬಿಯಲ್ಲಿ ಮೈನಸ್ 19 ಡಿಬಿಎಂ (ಬೆಳಕಿನ ಅಳತೆ), ರೂಟರ್ ಹತ್ತಿರ ಮೈನಸ್ 28. ಪ್ರತಿ 3 ಇಳಿದಾಗ ಬೆಳಕು ಅರ್ಧ ಆಗುತ್ತೆ, ಅಂದರೆ ಎಂಟರಲ್ಲಿ ಏಳು ಪಾಲು ಆ ಎಲ್ಬೋದಲ್ಲೇ ಸೋರಿ ಹೋಗ್ತಿತ್ತು. ಗೋಡೆ ಒಡೆಯಬೇಕಾಯ್ತು.

ಫೈಬರಿಗೆ ಅದರದ್ದೇ 25 ಎಂಎಂ ಪೈಪ್ ಹಾಕಿಸಿ. ಎಲ್ಬೋ ಬೇಡವೇ ಬೇಡ, ಉದ್ದನೆಯ ಬೆಂಡ್ ಹಾಕಿ, ಫೈಬರ್ ಎಳೆಯೋಕೆ ಒಳಗೆ ಜಿಐ ತಂತಿ ಬಿಟ್ಟಿರಿ. ತುದಿಯ ಕನೆಕ್ಟರ್ ಹಿಡಿದು ಎಳೆಯೋಕೆ ಬಿಡಬೇಡಿ. ಎರಡು ಮೀಟರ್ ಜಾಸ್ತಿ ಬಿಟ್ಟು ಊಟದ ತಟ್ಟೆಯಷ್ಟು ಅಗಲಕ್ಕೆ ಸುತ್ತಿಡಿ. ಹಸಿರು ಕನೆಕ್ಟರಿಗೆ ಹಸಿರೇ ಸೇರಬೇಕು, ನೀಲಿ ತುರುಕಿದರೆ ಕಚ್ಚಿಕೊಳ್ಳುತ್ತೆ, ಸಿಗ್ನಲ್ ಮಾತ್ರ ಕೆಡುತ್ತೆ. ಕೇಬಲ್ನವರು ಹೊರಡೋ ಮೊದಲು ಮೀಟರ್ ಹಚ್ಚಿಸಿ ನೋಡಿ, ಮೈನಸ್ 25 ದಾಟಿ ಮೈನಸ್ 26, 27 ಅಂತ ಇಳಿದಿದ್ದರೆ ಕಳಿಸಬೇಡಿ.

ಟಿವಿಯೂ ಅದೇ ಫೈಬರಿನಲ್ಲಿ ರೂಟರಿನ ಕೇಬಲ್ ಟಿವಿ ಪೋರ್ಟಿಗೆ ಬರೋದಾದರೆ ಅಲ್ಲಿಂದ ಸೆಟ್ ಟಾಪ್ ಬಾಕ್ಸಿಗೆ ಆರ್‌ಜಿ-6 ಅನ್ನೋ ಟಿವಿ ಕೇಬಲ್ ಎಳೆಸಿ. ಎರಡು ಟಿವಿಗೆ ಸಿಗ್ನಲ್ ಹಂಚೋ ಸ್ಪ್ಲಿಟರ್ ಒಂದೇ ಸಾಕು, ಅದರ ಮೇಲೆ ಇನ್ನೊಂದು ಕೂರಿಸಬೇಡಿ.

ರೂಟರ್ ಟಿವಿ ಕಪಾಟಿನೊಳಗೆ ಅಂದಿದ್ದೀರಲ್ಲ, ಯಾಕೆ ಅಣ್ಣಾ? ಹಾಲ್ ಮಧ್ಯದ ಗೋಡೆಗೆ ಎತ್ತರದಲ್ಲಿ ಹಾಕಿ. 5 ಗಿಗಾಹರ್ಟ್ಜ್ ವೈಫೈ ಆರ್‌ಸಿಸಿ ದಾಟಿ ಮೇಲಕ್ಕೆ ಸರಿಯಾಗಿ ಹೋಗಲ್ಲ, ಈಗಲೇ ಮಹಡಿಗೆ ಒಂದು ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆದಿಡಿ. ಫಿನೋಲೆಕ್ಸ್ ಆಗಲಿ ಡಿ-ಲಿಂಕ್ ಆಗಲಿ, ಪೂರ್ತಿ ತಾಮ್ರದ್ದೇ ಕೇಳಿ. ಅಗ್ಗ ಅಂತ ಸಿಸಿಎ ತರಬೇಡಿ, ಅದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಅಷ್ಟೇ.

ಇನ್ನೊಂದು, ನೀವಿರೋದು ತೀರ್ಥಹಳ್ಳಿ ಕಡೆ ಅಲ್ವಾ, ಮಳೆ ಸಿಡಿಲಿನ ಮಲೆನಾಡು. ಫೈಬರಿನ ಗಾಜಿಗೆ ಸಿಡಿಲು ಹರಿಯಲ್ಲ, ಆದರೆ ಕೇಬಲ್ ಜೋತು ಬೀಳದಂತೆ ಅದರ ಪಕ್ಕದಲ್ಲಿರೋ ಸ್ಟೀಲ್ ತಂತಿಗೆ ಹರಿಯುತ್ತೆ. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ನಿಲ್ಲಿಸಿ. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ, ಇಲ್ಲದಿದ್ದರೆ ಮಳೆ ನೀರು ಕೇಬಲ್ ಹಿಡಿದು ಒಳಗೆ ಬರುತ್ತೆ. ಕರೆಂಟ್ ಹೋದಾಗ ರೂಟರ್ ನಡೆಸೋ ಮಿನಿ ಯುಪಿಎಸ್ ತಗೊಳ್ಳೋದಾದರೆ ರೂಟರ್ ಅಡಾಪ್ಟರ್ ಮೇಲಿನ ವೋಲ್ಟು, ಆಂಪಿಯರ್ ಎರಡೂ ನೋಡ್ಕೊಂಡು ತಗೊಳ್ಳಿ.