ಪ್ಲಸ್ 5, ಮೈನಸ್ 5

ತಮ್ಮಾ, "ದುಬೈನ ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಚಿತ್ರದುರ್ಗದವನು, ಸಮುದ್ರ ನೋಡಿದ್ದೇ ಎರಡು ಸಲ. ಅಲ್ಲಿ ನಿಭಾಯಿಸ್ತೀನಾ ಅಣ್ಣ?" ಅಂತ ಕೇಳಿದ್ದೀಯ. ನಾನು ದಾವಣಗೆರೆಯವನು. ದುಬೈನ ಜೆಬೆಲ್ ಅಲಿ ಬಂದರಿನ ಪಕ್ಕ 14 ವರ್ಷದಿಂದ ಇದ್ದೇನೆ. ಹಡಗು ಹತ್ತಿದ್ದು ಒಂದೇ ಸಲ, ಅದೂ ಸುಮ್ನೆ ನೋಡೋಕೆ.

ನಮ್ಮೂರಿನ ಲಾರಿ ಆಫೀಸು ನೆನಪು ಮಾಡ್ಕೋ. ಮೆಕ್ಕೆಜೋಳ ಲೋಡ್ ಆಗುತ್ತದೆ, ಗುಮಾಸ್ತ ಎಲ್‌ಆರ್, ಅಂದರೆ ಮಾಲು ಹತ್ತಿಸಿಕೊಂಡ ರಸೀದಿ ಬರೆಯುತ್ತಾನೆ, ಬಾಡಿಗೆ ಯಾರ ಲೆಕ್ಕ ಅಂತ ಮೊದಲೇ ಮಾತಾಗಿರುತ್ತದೆ. ಇಲ್ಲೂ ಅದೇ. ವ್ಯಾಪಾರದ ಕರಾರಿನಲ್ಲಿ ಎಫ್‌ಒಬಿ ಅಂತಿದ್ದರೆ ಹಡಗಿನ ಬಾಡಿಗೆ ಕೊಳ್ಳುವವನದು. ಸಿಐಎಫ್ ಅಂತಿದ್ದರೆ ಬಾಡಿಗೆ, ಇನ್ಶೂರೆನ್ಸ್ ಎರಡೂ ಮಾರುವವನದು. ಕಂಟೇನರ್ ಹಡಗು ಬಸ್ಸಿನ ಥರ, ರೂಟು ಟೈಮು ಗೊತ್ತಿರುತ್ತದೆ. ಅದಿರು, ಕಲ್ಲಿದ್ದಲಿನ ಹಡಗು ಲಾರಿ ಥರ, ಬಾಡಿಗೆಗೆ ಹಿಡಿದವರು ಹೇಳಿದ ಕಡೆ ಹೋಗುತ್ತದೆ.

ಎಲ್‌ಆರ್ ಜಾಗದಲ್ಲಿ ಇಲ್ಲಿ ಬಿಲ್ ಆಫ್ ಲೇಡಿಂಗ್, ಬಾಯಿಮಾತಲ್ಲಿ ಬಿಎಲ್. ಸಾಮಾನ್ಯವಾಗಿ 3 ಒರಿಜಿನಲ್ ಇರುತ್ತವೆ. 'ಆರ್ಡರ್' ಬಿಎಲ್ ಆದರೆ ಹಿಂದೆ ಸಹಿ ಹಾಕಿ ಕೊಟ್ಟರೆ ಸಾಕು, ನಡುನೀರಿನಲ್ಲಿರುವ ಮಾಲೂ ಕೈ ಬದಲಾದ ಹಾಗೆ. ಒಂದು ಒರಿಜಿನಲ್ ಒಪ್ಪಿಸಿ ಮಾಲು ಬಿಡಿಸಿಕೊಂಡರೆ ಉಳಿದೆರಡು ರದ್ದಿ. "ಒರಿಜಿನಲ್ ನಾಳೆ ತರ್ತೀನಿ, ಮಾಲು ಬಿಡಿ" ಅಂತ ಎಷ್ಟೇ ಪರಿಚಯದವರು ಕೇಳಲಿ, ಬಿಡಬೇಡ.

ನನ್ನ ತಪ್ಪೊಂದು ಕೇಳು. ಎರಡನೇ ವರ್ಷ, ನಮ್ಮ ಕಡೆಯ ದಾಳಿಂಬೆ, ಜೆಬೆಲ್ ಅಲಿಯಿಂದ ಮುಂದಕ್ಕೆ ಹೋಗಬೇಕಿತ್ತು. ಫ್ರಿಜ್ ಕಂಟೇನರ್, ಅದಕ್ಕೆ ರೀಫರ್ ಅಂತಾರೆ. ಬುಕಿಂಗ್ ಫಾರಂನಲ್ಲಿ ಪ್ಲಸ್ 5 ಡಿಗ್ರಿ ಅಂತ ಬರೆಯೋ ಕಡೆ ಮೈನಸ್ 5 ಹೊಡೆದೆ. ಯಾರೂ ಗಮನಿಸಲಿಲ್ಲ. ಆ ಕಡೆ ಬಾಗಿಲು ತೆಗೆದಾಗ ಹಣ್ಣು ಹೊರಗೆ ಚೆನ್ನಾಗೇ ಇತ್ತಂತೆ. ಕೊಯ್ದರೆ ಕಾಳೆಲ್ಲ ಕಂದು, ನೀರು ನೀರು. ತಗೊಳ್ಳೋರು ಕೈಯೆತ್ತಿದರು. ಮಾಲು ಬಂದರಲ್ಲೇ ಕೂತು ಫ್ರೀ ಡೇಸ್, ಅಂದರೆ ಬಿಟ್ಟಿಯಾಗಿ ಇಡೋ ದಿನಗಳು ಮುಗಿದವು, ಆಮೇಲೆ ದಿನದ ಲೆಕ್ಕದಲ್ಲಿ ಡೆಮರೇಜ್ ಅನ್ನೋ ದಂಡ, ಮೇಲೆ ಕರೆಂಟಿನ ಚಾರ್ಜು ಬೇರೆ. ಹಿರಿಯೂರು, ಹೊಸದುರ್ಗದ ತೋಟ ನೋಡಿದವನಿಗೆ ಆ ಫೋಟೋ ನೋಡೋಕಾಗಲ್ಲ. ಈಗಲೂ ಫಾರಂ ಕಳಿಸೋ ಮುಂಚೆ ಆ ಗೆರೆಯ ಮೇಲೆ ಬೆರಳಿಟ್ಟು ಓದುತ್ತೇನೆ.

ಇನ್ನು ಬದುಕು. ದುಬೈ ಪಕ್ಕದ ಶಾರ್ಜಾದಲ್ಲಿ ರೂಮು ಅಗ್ಗ, ಆದರೆ ಬೆಳಗಿನ ಟ್ರಾಫಿಕ್ ಜೀವ ತಿನ್ನುತ್ತದೆ. ವೀಸಾ ಖರ್ಚು ಕಂಪನಿಯದು, ಊರಲ್ಲಿ ಏಜೆಂಟ್ ಕೇಳಿದರೆ ಕೊಡಬೇಡ. ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇರಲಿ.

ರಜೆಗೆ ಬಂದಿದ್ದೇನೆ, ತಿಂಗಳ ಕೊನೆವರೆಗೂ ದಾವಣಗೆರೆಯಲ್ಲೇ ಇರುತ್ತೇನೆ. ಆಫರ್ ಲೆಟರ್ ತಗೊಂಡು ಬಾ. ಬೇಸಿಕ್ ಎಷ್ಟು, ಅಲೊವೆನ್ಸ್ ಎಷ್ಟು ಅಂತ ಕೂತು ನೋಡೋಣ. ಕೆಲಸ ಬಿಡುವಾಗ ಸಿಗೋ ಗ್ರಾಚ್ಯುಟಿ ಲೆಕ್ಕ ಹಾಕೋದು ಬೇಸಿಕ್ ಮೇಲೆ ಮಾತ್ರ.